ತೌಡು

ಇಪ್ಪತ್ತಾರು ವರ್ಷ ತುಮಕೂರು ಮಂಡಿಪೇಟೆಯ ಮಿಲ್ಲಿನಲ್ಲಿ
ಅಕ್ಕಿಯ ಮೈ ಉಜ್ಜಿದವನು ನಾನು.
ಒಂದು ಪಾಲಿಶ್, ಎರಡು ಪಾಲಿಶ್,
ಮದುವೆ ಮನೆಯವರಿಗೆ ಮೂರು.
ಮೊಲ್ಲೆ ಮೊಗ್ಗಿನ ಹಾಗಿರಬೇಕು ಅನ್ನುತ್ತಿದ್ದರು ಸಾಹುಕಾರರು,
ಹಾಗೇ ಮಾಡಿ ಕೊಡುತ್ತಿದ್ದೆ.
ಕೆಳಗೆ ಉದುರಿದ ತೌಡು ಚೀಲಕ್ಕೆ,
ಚೀಲ ನಮ್ಮ ಎಮ್ಮೆಗೆ.

ಈಗ ಜಿಲ್ಲಾಸ್ಪತ್ರೆಯ ಡಾಕ್ಟರು,
ಮೀಸೆ ಇನ್ನೂ ನೆಟ್ಟಗೆ ಮೂಡದ ಹುಡುಗ,
ಚೀಟಿ ಬರೆಯುತ್ತ ಹೇಳುತ್ತಾನೆ:
‘ನಿಮಗೆ ಬತ್ತಿಹೋಗಿರೋದು ಬಿ-ಒನ್ನು, ಥಯಮಿನ್ನು.
ಅದು ಎಲ್ಲಿರುತ್ತೆ ಗೊತ್ತಾ? ತೌಡಿನಲ್ಲಿ.’
ನಗು ಬಂತು.
ಅವನು ಅದನ್ನೂ ಬರೆದುಕೊಂಡ:
ಕಾರಣವಿಲ್ಲದೆ ನಗುತ್ತಾರೆ.

ಎಮ್ಮೆಯ ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು.
ಒಂದು ದಿನವೂ ಅದರ ಕಾಲು ತಡವರಿಸಲಿಲ್ಲ.
ನಾನು ಬಿಳಿ ಅನ್ನದ ಮೇಲೆ ಬದುಕಿದೆ,
ಕೊನೆಕೊನೆಗೆ ಅದನ್ನೂ ಬಿಟ್ಟು
ತೊಂಬತ್ತರ ಪ್ಯಾಕೆಟ್ಟಿನ ಮೇಲೆ.

ಆಸ್ಪತ್ರೆಗೆ ತಂದ ದಿನ ನನಗೆ ಗೊತ್ತಿಲ್ಲ, ಕೇಳಿದ್ದು.
ಕಣ್ಣುಗುಡ್ಡೆ ಜರಡಿಯ ಹಾಗೆ ಅಲ್ಲಾಡುತ್ತಿತ್ತಂತೆ.
ತೌಡಿನ ಗುಡ್ಡೆ ಹತ್ತುವವನ ಹಾಗೆ
ಎಲ್ಲಿಟ್ಟರೂ ಕಾಲು ಕುಸಿಯುತ್ತಿತ್ತಂತೆ.
ಯಾರೋ ಗ್ಲೂಕೋಸ್ ಬಾಟಲಿ ತಂದರೆ
ಸಿಸ್ಟರ್ ತಸ್ಲೀಮಾ ಕೈ ಅಡ್ಡ ಹಿಡಿದು
‘ಮೊದಲು ಬಿ-ಒನ್, ಆಮೇಲೆ ಸಕ್ಕರೆ ನೀರು’ ಅಂದಳಂತೆ.
ಆ ಮಾತಿನಿಂದ ತಲೆಯೊಳಗೆ ಉಳಿದಷ್ಟು ಉಳಿಯಿತು.
ಇವತ್ತು ಯಾವ ವಾರ ಎಂದು ಕೇಳಿದರೆ
‘ಸಾಹುಕಾರರ ಮಗಳ ಮದುವೆ,
ಮೂವತ್ತು ಮೂಟೆ ಸೋನಾ ಮಸೂರಿ ಲೋಡಾಗಬೇಕು, ಬಿಡಿ ನನ್ನ’
ಅಂದೆನಂತೆ.
ಸುಳ್ಳಲ್ಲ ಅದು. ಚೀಲ ಖಾಲಿಯಿತ್ತು,
ಕೈಗೆ ಸಿಕ್ಕಿದ್ದು ತುಂಬಿದೆ.

ಮೊದಲು ಸೂಜಿ. ಆಮೇಲೆ ಮಾತ್ರೆ,
ಬಿಳಿಯದೊಂದು, ಬಿ-ಕಾಂಪ್ಲೆಕ್ಸಿನ ಕೆಂಪಿನದೊಂದು.
ಉಚ್ಚೆ ಅರಿಶಿನದ ನೀರಾಯಿತು.
ಹೆದರಿ ಬಂದು ಹೇಳಿದರೆ ಸಿದ್ಧಗಂಗಮ್ಮ,
‘ಇಷ್ಟು ದಿನ ಆ ದಾರೀಲಿ ದುಡ್ಡು ಹೋಗ್ತಿತ್ತು,
ಈಗ ಬರೀ ಬಣ್ಣ ಹೋಗ್ತದೆ, ಹೋಗ್ಲಿ ಬಿಡು.’

ಇರುವೆ ಹರಿದಂಥ ಜೋಮು
ಮೊಣಕಾಲಿಂದ ಇಳಿದು ಹಿಮ್ಮಡಿಯಲ್ಲಿ ಕೂತಿದೆ,
ಅಲ್ಲಿಂದ ಏಳುತ್ತಿಲ್ಲ.
ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ. ಲೋಟ ತುಳುಕುವುದಿಲ್ಲ.
ಮಾತ್ರೆ ಮಾಡಿದ್ದು ಇಷ್ಟು.
ಸಂಜೆ ಆರಕ್ಕೆ ಗಂಟಲು ಎದ್ದು ಕೂರುತ್ತದಲ್ಲ,
ಅದಕ್ಕೂ ಮಾತ್ರೆಗೂ ಪರಿಚಯವಿಲ್ಲ.
‘ಇದು ನರಕ್ಕೆ, ಆಸೆಗಲ್ಲ’ ಎಂದು
ಮೊದಲೇ ಹೇಳಿದ್ದ ಹುಡುಗ.
ಹಾಗಾಗಿ ಆರರಿಂದ ಏಳೂವರೆ
ಪಡಸಾಲೆಯಲ್ಲಿ ಕೂತು ಅವರೆ ಹಿತುಕುತ್ತೇನೆ.
ಮತ್ತೆ ಸಿಪ್ಪೆ ತೆಗೆಯುವ ಕೆಲಸವೇ ಸಿಕ್ಕಿತು ನೋಡಿ.

ಒಂದೂವರೆ ವರ್ಷ ಸಿಗುತ್ತಿಲ್ಲ.
ಎಲ್ಲಿ ಬಿದ್ದಿತೋ.
ಅದಕ್ಕೆ ಅವಳು ಮಾತ್ರೆ ಕೊಟ್ಟು, ನೀರು ಕೊಟ್ಟು,
ಕಳೆದುಹೋದದ್ದರಲ್ಲಿ ಒಂದು ದಿನ ಹೇಳುತ್ತಾಳೆ.
ದಿನಕ್ಕೆ ಒಂದೇ. ಊಟವಾದ ಮೇಲೆ.
ಎಮ್ಮೆ ಮಾರಿದ ದಿನ.
ಮಿಲ್ಲಿಗೆ ಇನ್ನು ಬರಬೇಡ ಅನ್ನಿಸಿಕೊಂಡ ದಿನ.
ನೇತ್ರಾವತಿ ಪಾಸಾಗಿ ಓಣಿಗೆಲ್ಲ ಪೇಡ ಹಂಚಿದ ದಿನ,
‘ನೀನು ಎರಡು ತಿಂದೆ.’
ಅಣ್ಣ ಸತ್ತದ್ದು. ಅದನ್ನು ಮೂರು ಸಲ ಹೇಳಬೇಕಾಯಿತಂತೆ,
ಮೂರು ಸಲವೂ ಹೊಸದಾಗಿ ಅತ್ತೆನಂತೆ.

ಕಾರ್ತಿಕದ ಒಂದು ರಾತ್ರಿಯನ್ನು ಮಾತ್ರ ದಾಟಿಸುತ್ತಾಳೆ.
ಬಲಿಪಾಡ್ಯದ ತನಕ ಬಂದು
ನೆಟ್ಟಗೆ ತುಳಸಿ ಹಬ್ಬಕ್ಕೆ ಹೋಗಿಬಿಡುತ್ತಾಳೆ.
ಅವಳ ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತಿದೆ, ನಾಲ್ಕು.
ನಾನು ಲೋಟದ ತಳ ನೋಡುತ್ತೇನೆ.

ನಿನ್ನೆ ಕೇಳಿದೆ.
ಖಾಲಿ ಸ್ಟ್ರಿಪ್ಪನ್ನು ಮಡಿಚಿ ಕಿಟಕಿಯಲ್ಲಿಟ್ಟು
‘ಕಾಲಿಗೆ ಇನ್ನಷ್ಟು ಬಲ ಬರಲಿ’ ಅಂದಳು,
‘ನಿಂತ್ಕೊಂಡು ಕೇಳ್ಬೇಕು ಅದನ್ನ.’

ಇವತ್ತು ಬೆಳಿಗ್ಗೆ ಗೋಡೆ ಹಿಡಿಯದೆ
ಬಚ್ಚಲ ತನಕ ನಡೆದೆ.
ಅವಳಿಗೆ ಹೇಳಲಿಲ್ಲ.